ಶಿಲೆಗಳ ಸಾಕ್ಷಿ

ಬೆಳಗಾವಿ ಜಿಲ್ಲೆಯ ಕಿತ್ತೂರಿನ ಸಮೀಪದಲ್ಲಿ ದೇಗಾಂವ ಎಂಬ ಊರಿದೆ. ಗೋವೆಯ ಕದಂಬರ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಅಲ್ಲಿ ನಿರ್ಮಾಣವಾದ ಕಮಲನಾರಾಯಣ ದೇವಾಲಯವು ತನ್ನ ಸೂಕ್ಷ್ಮವಾದ ಕೆತ್ತನೆಗಾಗಿ ನಾಡಿನಲ್ಲೆಲ್ಲ ಹೆಸರಾಗಿದೆ. ಎಂಟು ನೂರು ವರ್ಷಗಳಿಗೂ ಮಿಕ್ಕಿದ ಆ ಗುಡಿಯನ್ನು ನೋಡಿದವರು ಅದರ ಪ್ರಾಚೀನತೆಗೆ ಬೆರಗಾಗುತ್ತಾರೆ. ಆದರೆ ಶಿಲ್ಪಿಯ ಉಳಿ ತಾಗುವುದಕ್ಕಿಂತ ಕೋಟ್ಯಂತರ ವರ್ಷಗಳ ಹಿಂದೆಯೇ ಆ ಕಲ್ಲು ಹುಟ್ಟಿತ್ತೆಂಬುದನ್ನು ನೆನೆಯುವವರು ವಿರಳ. ದೇಗಾಂವದಿಂದ ಮೂಡಲಕ್ಕೆ ಬೈಲಹೊಂಗಲದ ಕರಿಯ ಎರೆನೆಲವನ್ನು ದಾಟಿ ಸವದತ್ತಿಗೆ ಹೋದರೆ, ಅಲ್ಲಿ ಮಲಪ್ರಭಾ ನದಿಯು ಬೆಟ್ಟವನ್ನು ಸೀಳಿಕೊಂಡು ಹರಿಯುವ ನವಿಲುತೀರ್ಥದ ಕಣಿವೆ ಕಾಣುತ್ತದೆ. ಸವದತ್ತಿಯಿಂದ ರಾಮದುರ್ಗದ ಕಡೆಗೆ ಚಾಚಿಕೊಂಡಿರುವ ಈ ಬೆಟ್ಟಗಳದು ಮರಳುಗಲ್ಲು. ಈ ವರ್ಗದ ಕೆಲವು ಹಾಸುಬಂಡೆಗಳ ಮೇಲೆ ಸಣ್ಣ ಅಲೆಗಳ ಗೆರೆಗಳು ಒಂದರ ಪಕ್ಕದಲ್ಲಿ ಒಂದು ಮೂಡಿರುತ್ತವೆ. ಕಡಲದಂಡೆಯ ಹಸಿಯ ಮರಳಿನ ಮೇಲೆ ನೀರು ಬರೆಯುವ ಗೆರೆಗಳೂ ಇಂಥವೇ. ಈಗಿನ ಸಮುದ್ರವು ಸವದತ್ತಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಹೀಗಿರುವಾಗ ಬೆಟ್ಟದ ಬಂಡೆಗೆ ಅಲೆಯ ಗುರುತು ಬಂದುದು ಹೇಗೆ?

ಇಂತಹ ಪ್ರಶ್ನೆಗಳನ್ನು ಕೇಳಿಕೊಂಡು, ಈ ಸೀಮೆಯ ಬೆಟ್ಟ, ಹಳ್ಳ, ಹೊಳೆಗಳನ್ನು ಕಾಲ್ನಡಿಗೆಯಲ್ಲಿಯೂ ಕುದುರೆಯ ಮೇಲೆಯೂ ಸುತ್ತಿ, ಇಲ್ಲಿನ ಶಿಲೆಗಳ ಚರಿತ್ರೆಯನ್ನು ಮೊದಲಬಾರಿಗೆ ಕ್ರಮಬದ್ಧವಾಗಿ ಬರೆದವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಆದಿಮಾನವನ ಇರವನ್ನು ಲೋಕಕ್ಕೆ ತಿಳಿಸಿಕೊಟ್ಟವರೂ ಅವರೇ. ಆದುದರಿಂದಲೇ ಅವರನ್ನು ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ಗೌರವಿಸುತ್ತಾರೆ.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಪಟ್ಟಣದಲ್ಲಿ ಜನಿಸಿದರು. ಅವರು ಬೆಳೆದ ಕಾಲದಲ್ಲಿ ಭೂಗರ್ಭಶಾಸ್ತ್ರವು ಯುರೋಪಿನಲ್ಲಿ ಹೊಸದಾಗಿ ಚಿಗುರುತ್ತಿದ್ದ ವಿದ್ಯೆ. ಭೂಮಿಯ ಪದರಗಳನ್ನು ಪುಸ್ತಕದ ಹಾಳೆಗಳಂತೆ ಒಂದೊಂದಾಗಿ ಓದಬಹುದು. ಕೆಳಗಿನ ಪದರವು ಹಳೆಯದು, ಮೇಲಿನದು ಹೊಸದು. ಪದರಗಳಲ್ಲಿ ಹುದುಗಿದ ಚಿಪ್ಪು, ಎಲುಬು, ಎಲೆಗಳ ಪಳೆಯುಳಿಕೆಗಳಿಂದ ಆಯಾ ಕಾಲದ ಜೀವಿಗಳನ್ನು ಅರಿಯಬಹುದು ಎಂಬ ವಿಚಾರಗಳು ಆಗ ವಿದ್ವಾಂಸರಲ್ಲಿ ನೆಲೆಗೊಂಡಿದ್ದವು. ಭಾರತದಲ್ಲಿ 1851ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಎಂಬವರ ನೇತೃತ್ವದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಆರಂಭವಾಯಿತು. ಕಲ್ಲಿದ್ದಲು ಮೊದಲಾದ ಖನಿಜಗಳನ್ನು ಹುಡುಕುವುದು ಸರ್ಕಾರದ ಮುಖ್ಯ ಉದ್ದೇಶವಾಗಿತ್ತು. 1858ರ ಡಿಸೆಂಬರಿನಲ್ಲಿ ಫೂಟ್ ಅವರು ಆ ಇಲಾಖೆಯನ್ನು ಸೇರಿ, ಮದರಾಸು ಪ್ರಾಂತದ ಕೆಲಸಕ್ಕೆ ನಿಯುಕ್ತರಾದರು. ಆಗ ಅವರಿಗೆ 24 ವರ್ಷ ವಯಸ್ಸು.

ಆ ಕೆಲಸ ಸುಲಭವಾದುದಾಗಿರಲಿಲ್ಲ. ಮಳೆ ನಿಂತ ಮೇಲೆ ಡೇರೆ, ಕುದುರೆ, ಎತ್ತಿನ ಬಂಡಿಗಳೊಡನೆ ಹೊರಟು, ಬೇಸಗೆಯ ಬಿಸಿಲು ಅಸಹನೀಯವಾಗುವವರೆಗೂ ಊರಿಂದೂರಿಗೆ ಅಲೆಯಬೇಕು. ನಕ್ಷೆಯ ಮೇಲೆ ಪ್ರತಿಯೊಂದು ಶಿಲಾವರ್ಗದ ಎಲ್ಲೆಯನ್ನು ಗುರುತಿಸಬೇಕು. ಮಳೆಗಾಲದಲ್ಲಿ ಕಚೇರಿಗೆ ಮರಳಿ ವರದಿಗಳನ್ನು ಬರೆಯಬೇಕು. ಚಿತ್ರ ಬರೆಯುವುದರಲ್ಲಿಯೂ ನಿಪುಣರಾಗಿದ್ದ ಫೂಟ್ ಅವರಿಗೆ ಬೆಟ್ಟಗಳ ಆಕಾರವನ್ನು ಗಮನವಿಟ್ಟು ನೋಡುವ ಅಭ್ಯಾಸವು ಸಹಜವಾಗಿಯೇ ಬಂದಿತ್ತು. ತಮಿಳು ವಿದ್ವಾಂಸರಾಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದ ಮೇಲೆ ದಕ್ಷಿಣ ಭಾರತದೊಡನೆ ಅವರ ನಂಟು ಮತ್ತಷ್ಟು ಗಾಢವಾಯಿತು. ಈ ನಾಡೇ ಅವರ ಬಾಳಿನ ಕರ್ಮಭೂಮಿಯಾಯಿತು.

ಫೂಟ್ ಅವರು ಭಾರತಕ್ಕೆ ಬಂದ ವೇಳೆಗೆ ಯುರೋಪಿನಲ್ಲಿ ಒಂದು ದೊಡ್ಡ ವಿವಾದವು ನಡೆಯುತ್ತಿತ್ತು. ಫ್ರಾನ್ಸಿನ ಸೋಮ್ ನದಿಯ ದಂಡೆಯ ಗರಸಿನಲ್ಲಿ, ಅಳಿದುಹೋದ ಪ್ರಾಣಿಗಳ ಎಲುಬುಗಳೊಡನೆ, ಮನುಷ್ಯನು ಕೆತ್ತಿದ ಕಲ್ಲಿನ ಆಯುಧಗಳು ದೊರೆಯುತ್ತವೆಂದು ಬೂಷೇ ದ ಪೆರ್ಥ್ ಎಂಬವರು ಬಹುಕಾಲದಿಂದ ಹೇಳುತ್ತಿದ್ದರು. ಅವರ ಮಾತನ್ನು ಹೆಚ್ಚು ಜನ ನಂಬಿರಲಿಲ್ಲ. ಭಾರತದ ಶಿವಾಲಿಕ ಬೆಟ್ಟಗಳ ಪಳೆಯುಳಿಕೆಗಳನ್ನು ಅಭ್ಯಾಸಮಾಡಿದ್ದ ಫಾಲ್ಕನರ್ ಅವರು 1858ರಲ್ಲಿ ಆ ಸ್ಥಳವನ್ನು ಕಂಡುಬಂದರು. ಮರುವರ್ಷ ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ವಿದ್ವಾಂಸರು ಅಲ್ಲಿಗೆ ಹೋಗಿ, ಆ ಆಯುಧಗಳು ಕದಡದ ಪದರಗಳಲ್ಲಿಯೇ ಇರುವುದನ್ನು ಕಣ್ಣಾರೆ ನೋಡಿ ದೃಢಪಡಿಸಿದರು. ಮನುಷ್ಯನು ಕೆಲವೇ ಸಾವಿರ ವರ್ಷಗಳ ಹಿಂದೆ ಭೂಮಿಗೆ ಬಂದವನೆಂಬ ಹಳೆಯ ಎಣಿಕೆಯು ಅಂದಿಗೆ ಸಡಿಲವಾಯಿತು. ಈ ಸುದ್ದಿಯು ಫೂಟ್ ಅವರನ್ನು ಬಹಳವಾಗಿ ಆಕರ್ಷಿಸಿತು. ಯುರೋಪಿನ ಹೊಳೆದಂಡೆಗಳಲ್ಲಿ ಆದಿಮಾನವನ ಗುರುತು ಇರುವುದಾದರೆ ಭಾರತದ ನೆಲದಲ್ಲಿಯೂ ಅದು ಏಕಿರಬಾರದು ಎಂಬ ಪ್ರಶ್ನೆಯು ಅವರ ಮನಸ್ಸಿನಲ್ಲಿ ಮೂಡಿತು.

ಆ ಪ್ರಶ್ನೆಗೆ ಉತ್ತರ ದೊರೆತದ್ದು 1863ರ ಮೇ 30ರಂದು. ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಸೈನಿಕರ ಕವಾಯತಿನ ಮೈದಾನದ ಬಳಿಯಲ್ಲಿ, ಗರಸಿಗಾಗಿ ಅಗೆದ ಒಂದು ಗುಂಡಿ ಇತ್ತು. ಆ ಗುಂಡಿಯಿಂದ ಹೊರಬಿದ್ದ ಜಂಬಿಟ್ಟಿಗೆಯ ಗರಸಿನಲ್ಲಿ ಫೂಟ್ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಎರಡೂ ಬದಿಗಳಲ್ಲಿ ಚಕ್ಕೆಗಳನ್ನು ಎಬ್ಬಿಸಿ, ಅಂಚನ್ನು ಹರಿತಗೊಳಿಸಿ ಮಾಡಿದ ಕೈಗೊಡಲಿ ಅದು. ಬಿಸಿಲು ಮಳೆಗಳಿಂದ ಒಡೆದ ಕಲ್ಲಿಗೂ, ಒಂದು ಉದ್ದೇಶವನ್ನಿಟ್ಟುಕೊಂಡು ಒಡೆದ ಕಲ್ಲಿಗೂ ಇರುವ ವ್ಯತ್ಯಾಸವನ್ನು ಅವರು ತಕ್ಷಣ ಗುರುತಿಸಿದರು. ಎಷ್ಟೋ ಜನ ಆ ಗರಸನ್ನು ಅಗೆದಿದ್ದರು, ಹೊತ್ತಿದ್ದರು, ರಸ್ತೆಗೆ ಹಾಸಿದ್ದರು. ಅದರಲ್ಲಿ ಮನುಷ್ಯನ ಕೈಯ ಗುರುತನ್ನು ಕಂಡವರು ಇವರೊಬ್ಬರೇ.

ಒಂದೇ ಒಂದು ಕಲ್ಲಿನಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲು ಬಾರದು. ಅದು ಬೇರೆ ಎಲ್ಲಿಂದಲೋ ಬಂದು ಬಿದ್ದಿರಬಹುದು. ಸಂದೇಹಕ್ಕೆ ಎಡೆಯಿಲ್ಲದಂತೆ ಆಯುಧಗಳನ್ನು ಅವುಗಳ ಪದರದಲ್ಲಿಯೇ ಕಾಣಬೇಕಾಗಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೂಟ್ ಅವರು ತಮ್ಮ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಮದರಾಸಿನ ವಾಯವ್ಯಕ್ಕಿರುವ ಅತ್ತಿರಂಪಾಕ್ಕಂ ಎಂಬಲ್ಲಿಗೆ ಹೋದರು. ಕೊರ್ತಲೈಯಾರ್ ನದಿಯನ್ನು ಕೂಡುವ ಹಳ್ಳವೊಂದರ ಕೊರಕಲಿನಲ್ಲಿ, ಗರಸಿನ ಪದರದೊಳಗೆ ಹುದುಗಿದ್ದ ಆಯುಧಗಳು ಅಲ್ಲಿ ಹೇರಳವಾಗಿ ದೊರೆತವು. ಅವುಗಳನ್ನು ಕ್ವಾರ್ಟ್‌ಜೈಟ್ ಎಂಬ ಗಟ್ಟಿಯಾದ ಬೆಣಚುಶಿಲೆಯಿಂದ ಮಾಡಿದ್ದರು. ಭಾರತದಲ್ಲಿಯೂ ಹಳೆಯ ಶಿಲಾಯುಗದ ಮನುಷ್ಯನು ಬಾಳಿದ್ದನೆಂಬುದು ಇದರಿಂದ ಸ್ಥಿರಪಟ್ಟಿತು. 1866ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯಲ್ಲಿಯೂ, 1868ರಲ್ಲಿ ಲಂಡನ್ನಿನ ಭೂಗರ್ಭಶಾಸ್ತ್ರ ಸಂಘದ ಪತ್ರಿಕೆಯಲ್ಲಿಯೂ ಫೂಟ್ ಅವರು ತಮ್ಮ ಶೋಧಗಳನ್ನು ಪ್ರಕಟಿಸಿದರು.

ಆಯುಧಗಳು ದೊರೆತ ಜಂಬಿಟ್ಟಿಗೆಯ ಪದರವು ಹೇಗೆ ಉಂಟಾಯಿತು ಎಂಬ ಪ್ರಶ್ನೆಯು ಮಾತ್ರ ಉಳಿಯಿತು. ಆ ಪದರವು ಪೂರ್ವದ ಕಡಲತೀರದ ಉದ್ದಕ್ಕೂ ಹಬ್ಬಿತ್ತು. ಆದುದರಿಂದ ಅದು ಆಳವಿಲ್ಲದ ಸಮುದ್ರದ ತಳದಲ್ಲಿ ಸಂಚಯವಾದುದಿರಬೇಕೆಂದು ಫೂಟ್ ಅವರು ಮೊದಲು ಊಹಿಸಿದರು. ಕಡಲಿನ ತಳದಲ್ಲಿ ಹುಟ್ಟಿದ ಪದರದಲ್ಲಿ ಸಾಮಾನ್ಯವಾಗಿ ಚಿಪ್ಪು, ಶಂಖ, ಹವಳಗಳ ಅವಶೇಷಗಳಿರುತ್ತವೆ. ಇಂತಹ ಸಾಕ್ಷಿಯು ಈ ಗರಸಿಗೆ ಬೆಂಬಲವಾಗಿ ನಿಲ್ಲಲಿಲ್ಲ. ಮಳೆಯ ನೀರು, ಹೊಳೆ, ಹಳ್ಳಗಳು ಇಂತಹ ಗರಸನ್ನು ಹರಡಿದವೆಂದು ಮುಂದಿನ ಸಂಶೋಧಕರು ತಿಳಿದರು. ಕಡಲು ಇತ್ತೆಂದು ಹೇಳಲು ಕಡಲಿನ ಗುರುತೇ ಬೇಕು ಎಂಬ ಪಾಠವು ಈ ಪ್ರಸಂಗದಲ್ಲಿದೆ. ಅಂತಹ ಗುರುತುಗಳನ್ನು ಫೂಟ್ ಅವರು ಮುಂದೆ ಬೇರೊಂದು ತೀರದಲ್ಲಿ ಕಂಡರು. ಆದರೆ ಅದಕ್ಕೆ ಮೊದಲು ಅವರ ಕೆಲಸವು ಅವರನ್ನು ಕನ್ನಡ ನಾಡಿನ ಒಳಭಾಗಕ್ಕೆ ಕರೆತಂದಿತು.

ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಆ ಕಾಲದಲ್ಲಿ ಆಂಗ್ಲರು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದರು. ಈ ಸೀಮೆಯ ಶಿಲೆಗಳನ್ನು ಸಮೀಕ್ಷಿಸಿ ಫೂಟ್ ಅವರು ಬರೆದ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲವೆಲ್ಲ ಅದರ ವ್ಯಾಪ್ತಿಗೆ ಬರುತ್ತದೆ. ಈ ಸೀಮೆಯಲ್ಲಿ ಅತ್ಯಂತ ಕೆಳಗಿರುವುದು ಬಹು ಪುರಾತನವಾದ ಸ್ಫಟಿಕಮಯ ಶಿಲೆಗಳ ತಳಹದಿ. ಅದರ ಮೇಲೆ ಸವದತ್ತಿ, ರಾಮದುರ್ಗ, ಗೋಕಾಕ, ಬಾದಾಮಿಗಳ ಕಡೆಗೆ ಮರಳುಗಲ್ಲು, ಸುಣ್ಣಕಲ್ಲು ಮೊದಲಾದುವು ಪದರ ಪದರವಾಗಿ ಕುಳಿತಿವೆ. ಉತ್ತರದಲ್ಲಿಯೂ ಪಶ್ಚಿಮದಲ್ಲಿಯೂ ಇವುಗಳ ಮೇಲೆ ಅಗ್ನಿಶಿಲೆಯು ಹಾಸಿಕೊಂಡಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ಹೆಪ್ಪುಗಟ್ಟಿ ಆ ಶಿಲೆಯಾಯಿತು. ಎಲ್ಲಕ್ಕೂ ಮೇಲೆ ಜಂಬಿಟ್ಟಿಗೆ, ಹೊಳೆಯ ಗರಸು ಮತ್ತು ಎರೆಮಣ್ಣುಗಳಿವೆ.

ಇವುಗಳಲ್ಲಿ ಮರಳುಗಲ್ಲು, ಸುಣ್ಣಕಲ್ಲುಗಳ ವರ್ಗಕ್ಕೆ ಫೂಟ್ ಅವರು ಕಲಾದಗಿ ಶ್ರೇಣಿ ಎಂದು ಹೆಸರಿಟ್ಟರು. ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಈಗಿನ ಭೂವಿಜ್ಞಾನಿಗಳು ಈ ಶ್ರೇಣಿಯ ಕೆಳಗಿನ ಒಂದು ಭಾಗವನ್ನು ರಾಮದುರ್ಗದ ಹೆಸರಿನಿಂದಲೂ, ಅದರಲ್ಲಿನ ಗಟ್ಟಿ ಬೆಣಚುಶಿಲೆಯನ್ನು ಸವದತ್ತಿಯ ಹೆಸರಿನಿಂದಲೂ ಕರೆಯುತ್ತಾರೆ. ಈ ಶಿಲೆಗಳು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಆಗ ಇಲ್ಲಿ ಆಳವಿಲ್ಲದ ಕಡಲೊಂದು ತುಂಬಿಕೊಂಡಿತ್ತು. ಅದರ ದಂಡೆಯಲ್ಲಿ ಅಲೆಗಳು ಉರುಳಿಸಿದ ಮರಳು ಪದರಗಟ್ಟಿ, ಮೇಲಿನ ಭಾರದಿಂದ ಅದುಮಿ, ಕಾಲಾಂತರದಲ್ಲಿ ಬಂಡೆಯಾಯಿತು. ನೀರು ಬರೆದ ಗೆರೆಗಳು ಕಲ್ಲಿನಲ್ಲಿ ಉಳಿದುಕೊಂಡವು. ಆ ಕಾಲದಲ್ಲಿ ಎಲುಬಿರುವ ಪ್ರಾಣಿಗಳಾಗಲಿ, ಚಿಪ್ಪಿನ ಜೀವಿಗಳಾಗಲಿ ಇನ್ನೂ ಹುಟ್ಟಿರಲಿಲ್ಲ. ನೀರಿನಲ್ಲಿ ಬೆಳೆಯುತ್ತಿದ್ದ ಅತಿ ಸೂಕ್ಷ್ಮವಾದ ಜೀವಿಗಳು ಒಂದರ ಮೇಲೊಂದು ಪೊರೆಗಳನ್ನು ಕಟ್ಟಿ ನಿರ್ಮಿಸಿದ ಗುಮ್ಮಟದಂತಹ ಆಕೃತಿಗಳು ಮಾತ್ರ ಕಲಾದಗಿ ಶ್ರೇಣಿಯ ಸುಣ್ಣಕಲ್ಲುಗಳಲ್ಲಿ ಕಂಡುಬಂದಿವೆ. ಹೀಗೆ ಬೆಳಗಾವಿಯ ಒಣನೆಲದ ನಡುವೆ ನಿಂತಿರುವ ಸವದತ್ತಿಯ ಬೆಟ್ಟವು ಒಂದು ಪುರಾತನ ಕಡಲತೀರದ ಅವಶೇಷವಾಗಿದೆ.

ಇದೇ ಸೀಮೆಯಲ್ಲಿ ಫೂಟ್ ಅವರಿಗೆ ಮತ್ತೆರಡು ಬಗೆಯ ಸಾಕ್ಷಿಗಳು ದೊರೆತವು. ಮೊದಲನೆಯದು ಮನುಷ್ಯನದು. ಮಲಪ್ರಭೆಯ ದಂಡೆಯ ಗರಸಿನಲ್ಲಿ, ಬಾದಾಮಿಯ ಸಮೀಪದ ಖ್ಯಾಡ ಎಂಬಲ್ಲಿ, ಹಳೆಯ ಶಿಲಾಯುಗದ ಆಯುಧಗಳನ್ನು ಅವರು ಕಂಡುಹಿಡಿದರು. ಅತಿ ಪುರಾತನ ಕಡಲಿನ ಮರಳು ಗಟ್ಟಿಯಾಗಿ ಆದ ಬೆಣಚುಶಿಲೆಯು ಆದಿಮಾನವನ ಕೈಯಲ್ಲಿ ಕೊಡಲಿಯಾಗಿತ್ತು. ಹೊಳೆಯು ಬೆಟ್ಟದಿಂದ ಉರುಳಿಸಿ ತಂದ ಉರುಟುಗಲ್ಲುಗಳು ಅವನಿಗೆ ಸುಲಭವಾಗಿ ದೊರೆಯುತ್ತಿದ್ದವು.

ಎರಡನೆಯ ಸಾಕ್ಷಿಯು ಇನ್ನೂ ವಿಸ್ಮಯಕರವಾದುದು. ಘಟಪ್ರಭೆಯ ಸೀಮೆಯಲ್ಲಿ, ಗೋಕಾಕದ ಬಳಿ, ಹಳ್ಳವೊಂದರ ದಂಡೆಯ ಮಣ್ಣಿನಲ್ಲಿ ದೊಡ್ಡ ಪ್ರಾಣಿಯೊಂದರ ಎಲುಬುಗಳ ಪಳೆಯುಳಿಕೆಗಳು ಫೂಟ್ ಅವರಿಗೆ ಸಿಕ್ಕಿದವು. ಪರೀಕ್ಷಿಸಿ ನೋಡಲಾಗಿ ಅವು ಖಡ್ಗಮೃಗದ ಎಲುಬುಗಳೆಂದು ತಿಳಿಯಿತು. ಅಂದು ತಿಳಿದಿದ್ದ ಯಾವ ಜಾತಿಗೂ ಅದು ಹೊಂದಿಕೊಳ್ಳಲಿಲ್ಲ. ಅದೊಂದು ಹೊಸ ಜಾತಿಯೆಂದು ನಿರ್ಣಯಿಸಿ, ದಖ್ಖನದ ಖಡ್ಗಮೃಗ ಎಂಬ ಅರ್ಥ ಬರುವಂತೆ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು, 1874ರಲ್ಲಿ ಅವರು ಅದರ ವಿವರವನ್ನು ಪ್ರಕಟಿಸಿದರು.

ಈಗ ಖಡ್ಗಮೃಗವನ್ನು ಕಾಡಿನಲ್ಲಿ ನೋಡಬೇಕಾದರೆ ಅಸ್ಸಾಮಿನಂತಹ ದೂರದ ನಾಡಿಗೆ ಹೋಗಬೇಕು. ಮೇಯಲು ಸಮೃದ್ಧವಾದ ಹಸುರು, ಹೊರಳಾಡಲು ಕೆಸರಿನ ಮಡುಗಳು ಅದಕ್ಕೆ ಬೇಕು. ಜೋಳ, ಹತ್ತಿಗಳನ್ನು ಬೆಳೆಯುವ ಗೋಕಾಕದ ಬಯಲಿನಲ್ಲಿ ಒಂದು ಕಾಲಕ್ಕೆ ಅದು ಬಾಳಿತ್ತೆಂದರೆ, ಆಗ ಈ ನೆಲದಲ್ಲಿ ನೀರೂ ಹಸುರೂ ಸಾಕಷ್ಟು ಇದ್ದಿರಲೇಬೇಕು. ಸತ್ತ ಪ್ರಾಣಿಯ ಎಲುಬು ಬಯಲಿನಲ್ಲಿ ಬಿದ್ದಿದ್ದರೆ ನರಿ ನಾಯಿಗಳ ಬಾಯಿಗೆ ಸಿಕ್ಕಿ, ಬಿಸಿಲು ಮಳೆಗೆ ಪುಡಿಯಾಗಿ ಹೋಗುತ್ತದೆ. ನೆರೆಯ ನೀರು ಅದನ್ನು ಬೇಗನೆ ಮಣ್ಣಿನಿಂದ ಮುಚ್ಚಿದರೆ ಮಾತ್ರ ಅದು ಉಳಿಯುತ್ತದೆ. ಮಣ್ಣಿನೊಳಗೆ ಇಳಿಯುವ ನೀರಿನಲ್ಲಿ ಕರಗಿರುವ ಖನಿಜಗಳು ಎಲುಬಿನ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತಾ ಬಂದು, ಬಹುಕಾಲದ ಮೇಲೆ ಅದನ್ನು ಕಲ್ಲಿನಂತೆ ಮಾಡುತ್ತವೆ. ಹೀಗೆ ಸಾವಿರದಲ್ಲಿ ಒಂದು ಎಲುಬು ಉಳಿಯುವುದೂ ಕಷ್ಟ. ಉಳಿದ ಆ ಒಂದು ಎಲುಬನ್ನು ಹಳ್ಳವು ಕೊರೆದು ಹೊರಗೆ ಹಾಕಿದಾಗ, ಅದನ್ನು ಗುರುತಿಸಬಲ್ಲ ಕಣ್ಣೂ ಅಲ್ಲಿರಬೇಕು. ಇಲ್ಲವಾದರೆ ಮುಂದಿನ ಮಳೆಯು ಅದನ್ನು ಕೊಚ್ಚಿಕೊಂಡು ಹೋಗುತ್ತದೆ.

ಆದಿಮಾನವನ ಆಯುಧಗಳೂ ಪ್ರಾಣಿಗಳ ಅವಶೇಷಗಳೂ ಒಂದೇ ಕದಡದ ಪದರದಲ್ಲಿ ದೊರೆತರೆ ಇಬ್ಬರೂ ಒಂದೇ ಕಾಲದಲ್ಲಿ ಬಾಳಿದರೆಂದು ಹೇಳಬಹುದು. ಅಂತಹ ಸಾಕ್ಷಿಯನ್ನು ಹುಡುಕುವುದಕ್ಕೆ ಗುಹೆಗಳು ತಕ್ಕ ಸ್ಥಳಗಳು. 1884-85ರಲ್ಲಿ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಎಂಬ ಸುಣ್ಣಕಲ್ಲಿನ ಗುಹೆಗಳಲ್ಲಿ ಫೂಟ್ ಅವರು ಉತ್ಖನನವನ್ನು ಕೈಕೊಂಡರು. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಅವರ ಮಗ ಹೆನ್ರಿ ಅವರು ಈ ಕೆಲಸದಲ್ಲಿ ನೆರವಾದರು. ಗುಹೆಯ ಮಣ್ಣನ್ನು ಪದರ ಪದರವಾಗಿ ತೆಗೆದಾಗ ಅಲ್ಲಿ ಖಡ್ಗಮೃಗವೂ ಸೇರಿದಂತೆ ಅನೇಕ ಪ್ರಾಣಿಗಳ ಎಲುಬುಗಳು ದೊರೆತವು. ಎಲುಬಿನಿಂದಲೇ ಮಾಡಿದ ಉಪಕರಣಗಳೂ ಸಿಕ್ಕಿದವು.

ಇಷ್ಟರಲ್ಲಿ ಫೂಟ್ ಅವರು ಮದುರೆ, ತಿರುನೆಲ್ವೇಲಿಗಳ ಕಡಲತೀರವನ್ನೂ ಸಮೀಕ್ಷೆ ಮಾಡಿದ್ದರು. ಆ ತೀರದಲ್ಲಿ ತೇರಿ ಎಂದು ಕರೆಯುವ ಕೆಂಪು ಮರಳಿನ ದಿಬ್ಬಗಳಿವೆ. ಗಾಳಿಯು ಮರಳನ್ನು ಹೊತ್ತು ತಂದು ಅವುಗಳನ್ನು ರಾಶಿ ಹಾಕಿದೆ. ಫೂಟ್ ಅವರು ಅವುಗಳನ್ನು ವಿವರವಾಗಿ ವರ್ಣಿಸಿದರು. ಮುಂದೆ 1880ರ ದಶಕದ ಕೊನೆಯಲ್ಲಿ ರಾಮೇಶ್ವರ ದ್ವೀಪದ ಬಗ್ಗೆಯೂ ಲೇಖನ ಬರೆದರು. ಆ ದ್ವೀಪದ ಅಂಚಿನಲ್ಲಿ ಹವಳದ ದಿಬ್ಬವೊಂದು ನೀರಿನ ಮಟ್ಟಕ್ಕಿಂತ ಮೇಲೆ ಎದ್ದು ನಿಂತಿದೆ. ಹವಳದ ಹುಳುಗಳು ನೀರಿನ ಹೊರಗೆ ಬದುಕಲಾರವು. ಅವು ಕಟ್ಟಿದ ದಿಬ್ಬವು ಇಂದು ಒಣಗಿ ನಿಂತಿರುವುದರಿಂದ, ಒಂದೋ ನೆಲವು ಮೇಲೇರಿರಬೇಕು, ಇಲ್ಲವೇ ಕಡಲಿನ ಮಟ್ಟವು ಇಳಿದಿರಬೇಕು. ಪಲ್ಲಾವರಂನ ಗರಸಿನಲ್ಲಿ ಇಲ್ಲದ ಸಾಕ್ಷಿಯು ಇಲ್ಲಿ ಬಂಡೆಯಾಗಿ ನಿಂತಿತ್ತು. ಬಹುಕಾಲದ ತರುವಾಯ, 20ನೆಯ ಶತಮಾನದಲ್ಲಿ, ಆ ಪ್ರದೇಶದ ಹವಳದ ದಿಬ್ಬದ ವಯಸ್ಸನ್ನು ವೈಜ್ಞಾನಿಕ ವಿಧಾನದಿಂದ ಅಳೆದಾಗ ಅದು ಸುಮಾರು 4,000 ವರ್ಷಗಳಷ್ಟು ಹಳೆಯದೆಂದು ಗೊತ್ತಾಯಿತು. ಸವದತ್ತಿಯ ಕಡಲತೀರವು ನೂರು ಕೋಟಿ ವರ್ಷಗಳಿಗೂ ಹಿಂದಿನದಾದರೆ, ರಾಮೇಶ್ವರದ ಈ ತೀರವು ಭೂಮಿಯ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು.

ಫೂಟ್ ಅವರಲ್ಲಿದ್ದ ಮತ್ತೊಂದು ದೊಡ್ಡ ಗುಣವೆಂದರೆ ಹೊಸ ಸಾಕ್ಷಿ ದೊರೆತಾಗ ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳುವುದು. 1876ರ ಗ್ರಂಥದಲ್ಲಿ ಅವರು ತಳಹದಿಯ ಪುರಾತನ ಶಿಲೆಗಳನ್ನೆಲ್ಲ ಒಂದೇ ವರ್ಗದಲ್ಲಿ ಸೇರಿಸಿದ್ದರು. ಮುಂದೆ ಬಳ್ಳಾರಿ, ರಾಯಚೂರು, ಮೈಸೂರು ಸೀಮೆಗಳಲ್ಲಿ ಹೆಚ್ಚು ತಿರುಗಾಡಿದ ಮೇಲೆ, ಧಾರವಾಡದ ಸುತ್ತ ಕಂಡುಬರುವ ಪದರುಶಿಲೆಗಳು ಬೇರೆಯೇ ಆದ ಒಂದು ವರ್ಗವೆಂದು ಅವರಿಗೆ ಮನವರಿಕೆಯಾಯಿತು. ಆ ವರ್ಗಕ್ಕೆ ಧಾರವಾಡ ವ್ಯವಸ್ಥೆ ಎಂದು ಅವರು ಹೆಸರಿಟ್ಟರು. ಕಿತ್ತೂರಿನ ಸುತ್ತಲಿನ ಪದರುಶಿಲೆಗಳೂ ಈ ವರ್ಗಕ್ಕೆ ಸೇರಿದವು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲೆಂದು ಈಗ ತಿಳಿದಿದೆ. ಗದಗಿನ ಬಳಿಯ ಕಪ್ಪತಗುಡ್ಡದ ಚಿನ್ನದ ಬಗ್ಗೆ 1874ರಲ್ಲಿಯೇ ಬರೆದಿದ್ದ ಫೂಟ್ ಅವರು, ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಈ ಧಾರವಾಡ ಶಿಲೆಗಳಲ್ಲಿಯೇ ಇದೆಯೆಂದು 1888ರಲ್ಲಿ ಸಾರಿದರು. ಕನ್ನಡ ನಾಡಿನ ಒಂದು ಊರಿನ ಹೆಸರು ಹೀಗೆ ಭೂವಿಜ್ಞಾನದ ಪುಸ್ತಕಗಳ ಮೂಲಕ ಲೋಕವನ್ನೆಲ್ಲ ಸುತ್ತಿತು.

ಬಳ್ಳಾರಿ ಜಿಲ್ಲೆಯಲ್ಲಿ ಅವರು ನವಶಿಲಾಯುಗದ ಜನರ ಅನೇಕ ನೆಲೆಗಳನ್ನು ಗುರುತಿಸಿದರು. ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡದಲ್ಲಿ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳನ್ನು ಹೇರಳವಾಗಿ ಮಾಡುತ್ತಿದ್ದರೆಂಬುದು ಅವರ ಬರವಣಿಗೆಯಿಂದ ಪ್ರಸಿದ್ಧಿಗೆ ಬಂದಿತು. ಆ ಪ್ರದೇಶದ ಬೂದಿದಿಬ್ಬಗಳ ವಿಷಯವಾಗಿ ವಿದ್ವಾಂಸರಲ್ಲಿ ನಾನಾ ಊಹೆಗಳಿದ್ದವು. ಅವು ದನಗಳ ಸಗಣಿಯನ್ನು ಸುಟ್ಟುದರಿಂದ ಉಂಟಾದುವೆಂದೂ, ನವಶಿಲಾಯುಗದ ಜನರಿಗೆ ಸೇರಿದುವೆಂದೂ ಫೂಟ್ ಅವರು ಅಭಿಪ್ರಾಯಪಟ್ಟರು. ಸುಮಾರು ಮುಕ್ಕಾಲು ಶತಮಾನದ ನಂತರ ನಡೆದ ಉತ್ಖನನ ಮತ್ತು ಪರೀಕ್ಷೆಗಳು ಅವರ ಅಭಿಪ್ರಾಯವನ್ನೇ ಎತ್ತಿಹಿಡಿದವು.

1891ರಲ್ಲಿ ಫೂಟ್ ಅವರು ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದರು. ಆದರೆ ವಿಶ್ರಾಂತಿಯನ್ನು ಬಯಸಲಿಲ್ಲ. ಬರೋಡಾ ಸಂಸ್ಥಾನದ ಆಹ್ವಾನದಂತೆ ಅಲ್ಲಿನ ಭೂಪ್ರದೇಶವನ್ನು ಸಮೀಕ್ಷಿಸಿದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಕಡೆಗಾಲವನ್ನು ಸೇಲಂ ಜಿಲ್ಲೆಯ ಏರ್ಕಾಡು ಬೆಟ್ಟದಲ್ಲಿ ಕಳೆದರು. ನಾಲ್ಕು ದಶಕಗಳಲ್ಲಿ ನಾನೂರಕ್ಕೂ ಮಿಕ್ಕಿದ ಸ್ಥಳಗಳಿಂದ ತಾವು ಸಂಗ್ರಹಿಸಿದ್ದ ಆಯುಧಗಳು, ಮಡಕೆಯ ಚೂರುಗಳು ಮೊದಲಾದುವಕ್ಕೆ ಅಲ್ಲಿ ಕುಳಿತು ವಿವರವಾದ ಪಟ್ಟಿಯನ್ನು ಸಿದ್ಧಪಡಿಸಿದರು. ಯಾವ ವಸ್ತು ಯಾವ ಊರಿನಲ್ಲಿ ದೊರೆಯಿತೆಂಬುದನ್ನು ಆ ಪಟ್ಟಿಯಲ್ಲಿ ಬರೆದಿಟ್ಟರು. 1904ರಲ್ಲಿ ಈ ಸಂಗ್ರಹವು ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಫೂಟ್ ಅವರು ನಿಧನ ಹೊಂದಿದರು. ಅವರ ಪಟ್ಟಿ ಮತ್ತು ಟಿಪ್ಪಣಿಗಳು ಅಚ್ಚಾಗಿ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ. ಏರ್ಕಾಡಿನ ಚರ್ಚಿನಲ್ಲಿ ಅವರ ಸ್ಮಾರಕವಿದೆ.

ಫೂಟ್ ಅವರ ಎಲ್ಲ ನಿರ್ಣಯಗಳೂ ಉಳಿದುಕೊಂಡಿಲ್ಲ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಮನುಷ್ಯವಾಸವೇ ಇಲ್ಲದ ದೀರ್ಘವಾದ ತೆರಪು ಇತ್ತೆಂದು ಅವರು ತಿಳಿದಿದ್ದರು. ಆ ತೆರಪನ್ನು ತುಂಬುವ ಅನೇಕ ನೆಲೆಗಳು ಮುಂದೆ ದೊರೆತವು. ಆದರೆ ಅವರನ್ನು ತಿದ್ದಿದವರು ಅವರು ತೋರಿಸಿದ ಸ್ಥಳಗಳಿಗೇ ಹೋಗಿ, ಅವರ ದಾರಿಯಲ್ಲಿಯೇ ಮುಂದುವರಿದರು. ಮಲಪ್ರಭೆಯ ದಂಡೆಯ ನೆಲೆಗಳನ್ನು ಆರ್. ವಿ. ಜೋಶಿಯವರು ಪುನಃ ಅಭ್ಯಾಸಮಾಡಿ 1955ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಅತ್ತಿರಂಪಾಕ್ಕಂನಲ್ಲಿ ಶಾಂತಿ ಪಪ್ಪು ಮತ್ತು ಅವರ ಸಂಗಡಿಗರು ಉತ್ಖನನ ನಡೆಸಿ, ಅಲ್ಲಿನ ಅತ್ಯಂತ ಹಳೆಯ ಕೈಗೊಡಲಿಗಳು ಸುಮಾರು 15 ಲಕ್ಷ ವರ್ಷಗಳ ಹಿಂದಿನವೆಂದು 2011ರಲ್ಲಿ ತಿಳಿಸಿದರು. ಪ್ರಾಣಿಗಳ ಪಳೆಯುಳಿಕೆಯ ಹಲ್ಲುಗಳೂ ಆ ಉತ್ಖನನದಲ್ಲಿ ದೊರೆತವು. ಫೂಟ್ ಅವರು 1863ರಲ್ಲಿ ನಿಂತು ನೋಡಿದ ಆ ಹಳ್ಳದ ದಂಡೆಯು ನಾಶವಾಗದೆ ಉಳಿದುದರಿಂದಲೇ ಈ ತಿಳಿವಳಿಕೆಯು ಸಾಧ್ಯವಾಯಿತು.

ಎಲ್ಲ ಸ್ಥಳಗಳಿಗೂ ಈ ಭಾಗ್ಯ ಒದಗಲಿಲ್ಲ. ಪಲ್ಲಾವರಂ ಇಂದು ಚೆನ್ನೈ ನಗರದ ಜನನಿಬಿಡವಾದ ಭಾಗವಾಗಿದೆ. ಬಳ್ಳಾರಿಯ ಗುಡ್ಡಗಳು ಕಲ್ಲುಗಣಿಗಳಿಂದ ನಷ್ಟವನ್ನು ಅನುಭವಿಸಿವೆ. ರಾಮೇಶ್ವರದಿಂದ ತೂತ್ತುಕುಡಿಯವರೆಗಿನ ಕಡಲಿನಲ್ಲಿ ಸುಣ್ಣಕ್ಕಾಗಿ ಹವಳವನ್ನು ಬಹುಕಾಲ ಅಗೆದರು. 1986ರಲ್ಲಿ ಅಲ್ಲಿನ 21 ದ್ವೀಪಗಳನ್ನೂ ಸುತ್ತಲಿನ ನೀರನ್ನೂ ಮನ್ನಾರ್ ಕೊಲ್ಲಿಯ ಕಡಲ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ ರಕ್ಷಣೆ ಒದಗಿಸಲಾಯಿತು. ಅಷ್ಟಾದರೂ ಅವುಗಳಲ್ಲಿ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿಹೋದವು. ಹವಳದ ಅಗೆತವೇ ಅದಕ್ಕೆ ಒಂದು ಮುಖ್ಯ ಕಾರಣವೆಂದು ಹೇಳುತ್ತಾರೆ. ನಮ್ಮ ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪಗಳ ಕಂಬದಾಕಾರದ ಶಿಲೆಗಳೂ, ಕೇರಳದ ವರ್ಕಲದ ಕಡಲಂಚಿನ ಬೆಟ್ಟವೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂಬ ಮನ್ನಣೆ ಪಡೆದಿವೆ. ಆದರೆ ಮಲಪ್ರಭೆ, ಘಟಪ್ರಭೆಗಳ ದಂಡೆಯ ಗರಸು ಮಣ್ಣುಗಳಿಗೆ ಅಂತಹ ಕಾವಲಿಲ್ಲ. ಮರಳಿಗಾಗಿಯೋ ರಸ್ತೆಗಾಗಿಯೋ ಅವುಗಳನ್ನು ಅಗೆದು ಸಾಗಿಸಿದಾಗ, ಅವುಗಳೊಡನೆ ಎಷ್ಟು ಕೊಡಲಿಗಳು, ಎಷ್ಟು ಎಲುಬುಗಳು ಹೋಗುತ್ತವೆಂಬುದನ್ನು ಎಣಿಸುವವರಿಲ್ಲ.

ಗುಡಿಯ ಕಂಬವೊಂದು ಮುರಿದರೆ ಅದರ ಬೆಲೆ ಎಲ್ಲರಿಗೂ ತಿಳಿಯುತ್ತದೆ. ಹಳ್ಳದ ದಂಡೆ ಕುಸಿದರೆ ಯಾರೂ ಮರುಗುವುದಿಲ್ಲ. ಶಿಲೆಯು ತಾನಿದ್ದ ಜಾಗದಲ್ಲಿ ಇರುವವರೆಗೆ ಮಾತ್ರ ಸಾಕ್ಷಿ ನುಡಿಯುತ್ತದೆ. ಜಾಗ ತಪ್ಪಿದರೆ ಅದು ಬರಿಯ ಕಲ್ಲಾಗುತ್ತದೆ. ಫೂಟ್ ಅವರು ತಮ್ಮ ದೀರ್ಘ ಜೀವನದಲ್ಲಿ ಮಾಡಿದ್ದು ಈ ಸಾಕ್ಷಿಯನ್ನು ಆಲಿಸುವ ಕೆಲಸ. ದೊರೆತ ಪ್ರತಿಯೊಂದು ಕಲ್ಲಿನ ಊರನ್ನೂ ಪದರವನ್ನೂ ಬರೆದಿಟ್ಟುದರಿಂದಲೇ ಅವರ ಸಂಗ್ರಹಕ್ಕೆ ಇಂದಿಗೂ ಬೆಲೆಯಿದೆ. ಕಿತ್ತೂರು, ಸವದತ್ತಿಗಳ ಹೊಲಗಳಲ್ಲಿ, ಹೊಳೆಯ ದಂಡೆಗಳಲ್ಲಿ ವಿಚಿತ್ರವಾದ ಕಲ್ಲನ್ನೋ ಎಲುಬನ್ನೋ ಕಾಣುವ ಅವಕಾಶವು ಅಲ್ಲಿನ ಬಾಲಕ ಬಾಲಕಿಯರಿಗೆ ಇಂದೂ ಉಂಟು. ಅದನ್ನು ಕಿತ್ತು ಮನೆಗೆ ಒಯ್ಯುವುದಕ್ಕಿಂತ, ಅದು ಎಲ್ಲಿದೆ, ಯಾವ ಪದರದಲ್ಲಿದೆ ಎಂಬುದನ್ನು ಬರೆದಿಟ್ಟುಕೊಂಡು ತಿಳಿದವರಿಗೆ ತಿಳಿಸುವುದೇ ಆ ಹಿರಿಯರ ಸ್ಮರಣೆಗೆ ತಕ್ಕ ಕೆಲಸವಾಗುತ್ತದೆ.